ಗುರುತಿಲ್ಲದ ಊರಿನಲ್ಲಿ

ತನ್ನ ಊರಿನಲ್ಲಿ ಮನುಷ್ಯನಿಗೆ ಅನೇಕ ಕಾವಲುಗಾರರಿರುತ್ತಾರೆ. ಮನೆಯಲ್ಲಿ ತಂದೆ-ತಾಯಿ, ಓಣಿಯಲ್ಲಿ ನೆರೆಹೊರೆಯವರು, ಮಸೀದಿಯಲ್ಲಿ ಉಸ್ತಾದರು, ತಿರುವಿನ ಅಂಗಡಿಯಲ್ಲಿ ಅವನನ್ನು ಎಳವೆಯಿಂದಲೂ ಬಲ್ಲ ಹಿರಿಯರು. ಅವನು ಎರಡು ದಿನ ಜಮಾಅತ್ ನಮಾಝ್‌ಗೆ ಕಾಣಿಸದಿದ್ದರೆ ಯಾರಾದರೊಬ್ಬರು ವಿಚಾರಿಸುತ್ತಾರೆ. ಹೋಗಬಾರದ ಕಡೆ ಹೋದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ನಮ್ಮ ಒಳ್ಳೆಯತನದ ಒಂದು ಪಾಲನ್ನು ಹೀಗೆ ನಮ್ಮ ಊರೇ ಕಾದುಕೊಡುತ್ತಿರುತ್ತದೆ. ಅದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಅದೇ ಮನುಷ್ಯ ಒಂದು ರಾತ್ರಿ ಬಸ್ಸನ್ನೋ ರೈಲನ್ನೋ ಹತ್ತುತ್ತಾನೆ. ಬೆಳಗಾಗುವಾಗ ಕೈಯಲ್ಲೊಂದು ಚೀಲ ಹಿಡಿದು ಬೆಂಗಳೂರು, ಮುಂಬಯಿ, ಹೈದರಾಬಾದಿನಂತಹ ಮಹಾನಗರವೊಂದರಲ್ಲಿ ಒಬ್ಬನೇ ಇಳಿಯುತ್ತಾನೆ. ಓದಿಗಾಗಿಯೋ ಕೆಲಸದ ಸಂದರ್ಶನಕ್ಕೋ ಬಂದಿರಬಹುದು, ಅಥವಾ ಊರು ನೋಡಬೇಕೆಂಬ ಆಸೆಯಿಂದಲೇ ಬಂದಿರಬಹುದು. ಅವನು ಯಾರ ಮಗ, ಯಾವ ಮೊಹಲ್ಲಾದವನು, ಹೇಗಿರುವವನು ಎಂಬುದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೇಳುವವರಿಲ್ಲ, ಹೇಳುವವರೂ ಇಲ್ಲ.

ಪ್ರಿಯ ಓದುಗರೇ, ಆ ಗಳಿಗೆಯಲ್ಲಿ ಎರಡು ಪರೀಕ್ಷೆಗಳು ಒಟ್ಟಿಗೇ ಆರಂಭವಾಗುತ್ತವೆ. ಒಂದು, ಬಂದವನಿಗೆ: ಯಾರೂ ಅರಿಯದ ಕಡೆ ಅವನು ಯಾರು? ಇನ್ನೊಂದು, ಆ ಊರಿನವರಿಗೆ: ಯಾರೆಂದು ಅರಿಯದವನೊಂದಿಗೆ ಅವರು ಹೇಗೆ ನಡೆದುಕೊಳ್ಳುತ್ತಾರೆ? ಈ ಎರಡು ಪರೀಕ್ಷೆಗಳ ಕುರಿತು ಸ್ವಲ್ಪ ವಿವರವಾಗಿ ಯೋಚಿಸೋಣ.

ಸಫರ್ ಎಂದರೇನು?

ಪ್ರಯಾಣಕ್ಕೆ ಅರಬಿ ಭಾಷೆಯಲ್ಲಿ 'ಸಫರ್' ಎನ್ನುತ್ತಾರೆ. ತೆರೆಯುವುದು, ಮುಸುಕು ಸರಿಸಿ ಪ್ರಕಟಪಡಿಸುವುದು ಎಂಬ ಅರ್ಥವೂ ಆ ಪದದ ಮೂಲದಲ್ಲಿದೆ. ಮನುಷ್ಯರ ಸ್ವಭಾವವನ್ನು ಬಯಲಿಗೆ ತರುವುದರಿಂದಲೇ ಪ್ರಯಾಣಕ್ಕೆ ಈ ಹೆಸರು ಬಂತೆಂದು ನಮ್ಮ ಪೂರ್ವಿಕ ವಿದ್ವಾಂಸರು ವಿವರಿಸಿದ್ದಾರೆ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಪ್ರಯಾಣದ ಶಿಷ್ಟಾಚಾರಗಳಿಗಾಗಿಯೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ಮನೆಯಲ್ಲಿ ಶಾಂತನಾಗಿರುವವನು ರೈಲಿನಲ್ಲಿ ಸೀಟಿಗಾಗಿ ಜಗಳವಾಡುವುದನ್ನು ನಾವು ಕಂಡಿಲ್ಲವೇ? ಊರಿನಲ್ಲಿ ಜಿಪುಣನೆಂದು ಹೆಸರಾದವನು ದಾರಿಯಲ್ಲಿ ತನ್ನ ಬುತ್ತಿಯನ್ನು ಹಂಚಿ ತಿನ್ನುವುದನ್ನೂ ಕಂಡಿದ್ದೇವೆ.

ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಹಲವೆಡೆ ಆಹ್ವಾನಿಸುತ್ತದೆ. ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡಲು ಒಂದೆಡೆ, ಹಿಂದಿನ ಜನಾಂಗಗಳ ಅಂತ್ಯ ಏನಾಯಿತೆಂದು ನೋಡಲು ಇನ್ನೊಂದೆಡೆ ಕರೆ ಕೊಡುತ್ತದೆ. ಆದ್ದರಿಂದ ಹೊಸ ಊರನ್ನು ನೋಡುವ ಆಸೆ ಕೆಟ್ಟದ್ದೇನೂ ಅಲ್ಲ. ಹೋಗಿ ಏನನ್ನು ನೋಡುತ್ತೇವೆ, ನೋಡುವಾಗ ಹೇಗಿರುತ್ತೇವೆ ಎಂಬುದೇ ಮುಖ್ಯ.

ಮದ್‌ಯನ್‌ನ ಬಾವಿಯ ಬಳಿ

ಒಬ್ಬಂಟಿಯಾಗಿ ಅಪರಿಚಿತ ಊರು ಸೇರಿದವರ ವೃತ್ತಾಂತಗಳಲ್ಲಿ ಪ್ರವಾದಿ ಮೂಸಾರದ್ದು(ಅ) ಬಹಳ ಹೃದಯಸ್ಪರ್ಶಿಯಾದುದು. ಅದು ಅಲ್ ಕಸಸ್ ಅಧ್ಯಾಯದಲ್ಲಿ ಬಂದಿದೆ. ಜೀವಭಯದಿಂದ ಈಜಿಪ್ಟನ್ನು ತೊರೆದು ಅವರು ಮದ್‌ಯನ್‌ಗೆ ಬಂದರು. ಜೊತೆಗಾರರಿಲ್ಲ, ಪರಿಚಿತರಿಲ್ಲ. ಊರ ಬಾವಿಯ ಬಳಿ ಜನರು ತಮ್ಮ ಜಾನುವಾರುಗಳಿಗೆ ನೀರು ಕುಡಿಸುತ್ತಿದ್ದರು. ಇಬ್ಬರು ಸ್ತ್ರೀಯರು ತಮ್ಮ ಆಡುಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದರು. ಮೂಸಾ(ಅ) ಕಾರಣ ಕೇಳಿದರು. ಕುರುಬರು ಹೋದ ಬಳಿಕವಷ್ಟೇ ನಮ್ಮ ಸರದಿ, ತಂದೆ ತುಂಬ ವೃದ್ಧರು ಎಂದು ಅವರು ತಿಳಿಸಿದರು. ಮೂಸಾ(ಅ) ಅವರ ಪರವಾಗಿ ನೀರು ಕುಡಿಸಿಕೊಟ್ಟರು. ಬಳಿಕ ನೆರಳಿಗೆ ಸರಿದು, ತನಗೆ ಯಾವ ಒಳಿತನ್ನು ಇಳಿಸಿಕೊಟ್ಟರೂ ತಾನು ಅದರ ಅಗತ್ಯವುಳ್ಳವನೆಂದು ತನ್ನ ಪ್ರಭುವಿನಲ್ಲಿ ಮೊರೆಯಿಟ್ಟರು.

ಇಲ್ಲಿ ಕ್ರಮವನ್ನು ಗಮನಿಸಿರಿ. ದಣಿದ, ಆಸರೆಯಿಲ್ಲದ ಆ ಪ್ರಯಾಣಿಕ ಜನರ ಮುಂದೆ ಕೈ ಚಾಚಲಿಲ್ಲ. ಮೊದಲು ಉಪಕಾರ ಮಾಡಿದರು, ಆಮೇಲೆ ಅಲ್ಲಾಹನಲ್ಲಿ ಬೇಡಿದರು. ಮಾಡಿದ ಉಪಕಾರಕ್ಕೆ ಆ ಸ್ತ್ರೀಯರಿಂದ ಏನನ್ನೂ ಕೇಳಲಿಲ್ಲ, ಅವರೊಂದಿಗೆ ಹರಟೆಗೂ ನಿಲ್ಲಲಿಲ್ಲ. ಆದರೆ ಅವರ ನಡತೆಯೇ ಅವರ ಪರಿಚಯಪತ್ರವಾಯಿತು. ಸ್ತ್ರೀಯರಲ್ಲಿ ಒಬ್ಬಳು ಲಜ್ಜೆಯಿಂದ ನಡೆದು ಬಂದು ತಂದೆಯ ಕರೆಯನ್ನು ಮುಟ್ಟಿಸಿದಳು. ಮನೆಯಲ್ಲಿ ಅವರಿಗೆ ಅಭಯ ದೊರೆಯಿತು. ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಬಲಿಷ್ಠರೂ ವಿಶ್ವಸ್ತರೂ ಆದವರೇ ಕೆಲಸಕ್ಕೆ ಉತ್ತಮರು ಎಂಬ ಅರ್ಥದಲ್ಲಿ ಆ ಮನೆಯ ಮಗಳೇ ತಂದೆಗೆ ಸಲಹೆ ಕೊಟ್ಟಳು. ಕೆಲಸ, ಮನೆ, ವಿವಾಹ ಎಲ್ಲವೂ ಆ ಒಂದು ಬಾವಿಯ ಬಳಿಯ ನಡವಳಿಕೆಯಿಂದ ಹುಟ್ಟಿದವು. ಪರಿಚಯವಿಲ್ಲದ ಊರಿನಲ್ಲಿ ಕೆಲಸ ಹುಡುಕಿ ಹೋಗುವ ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಮಕ್ಕಾದಲ್ಲಿ ಮೂರು ರಾತ್ರಿ

ಎರಡನೆಯ ಘಟನೆ ಮಕ್ಕಾದ್ದು. ಗಿಫಾರ್ ಗೋತ್ರದ ಅಬೂದರ್ರ್(ರ) ಪ್ರವಾದಿಯವರ(ಸ) ವಿಷಯ ಕೇಳಿ, ಸತ್ಯವನ್ನು ಸ್ವತಃ ತಿಳಿಯಲೆಂದು ಸ್ವಲ್ಪ ಆಹಾರ ಮತ್ತು ನೀರಿನ ಚರ್ಮಚೀಲದೊಂದಿಗೆ ಒಬ್ಬರೇ ಮಕ್ಕಾಕ್ಕೆ ಬಂದರು. ಪ್ರವಾದಿಯವರ(ಸ) ಮುಖಪರಿಚಯ ಅವರಿಗಿರಲಿಲ್ಲ. ಯಾರಲ್ಲಾದರೂ ಕೇಳಿದರೆ ಅಪಾಯವಾದೀತೆಂಬ ಅಳುಕು ಬೇರೆ. ಮಸ್ಜಿದುಲ್ ಹರಾಮ್‌ನಲ್ಲೇ ಉಳಿದರು. ರಾತ್ರಿಯಾದಾಗ ಇನ್ನೂ ಎಳೆಯ ವಯಸ್ಸಿನವರಾಗಿದ್ದ ಅಲೀ(ರ) ಅವರನ್ನು ಕಂಡು, ಇವರು ಪರವೂರಿನವರೆಂದು ಅರಿತು ಮನೆಗೆ ಕರೆದೊಯ್ದರು. ಇವರೂ ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಎರಡನೆಯ ರಾತ್ರಿಯೂ ಹಾಗೆಯೇ ಆಯಿತು. ಮೂರನೆಯ ದಿನವಷ್ಟೇ ಅಲೀ(ರ) ಬಂದ ಉದ್ದೇಶವನ್ನು ವಿಚಾರಿಸಿದರು. ಬಳಿಕ ಅವರನ್ನು ಬಹಳ ಎಚ್ಚರಿಕೆಯಿಂದ ಪ್ರವಾದಿಯವರ(ಸ) ಬಳಿಗೆ ಕರೆದೊಯ್ದರು. ದಾರಿಯಲ್ಲಿ ಅಪಾಯ ಕಂಡರೆ ತಾನು ಏನೋ ನೆಪದಿಂದ ನಿಲ್ಲುವೆನೆಂದೂ ನೀವು ನಿಲ್ಲದೆ ಮುಂದೆ ಹೋಗಬೇಕೆಂದೂ ಮೊದಲೇ ಸಂಕೇತ ಮಾಡಿಕೊಂಡಿದ್ದರು.

ಇಲ್ಲಿ ಎರಡು ಪರೀಕ್ಷೆಗಳಲ್ಲೂ ಉತ್ತೀರ್ಣರಾದವರನ್ನು ನಾವು ಕಾಣುತ್ತೇವೆ. ಬಂದವರು ಕಂಡಕಂಡವರ ಮುಂದೆ ತಮ್ಮ ಗುಟ್ಟನ್ನು ಬಿಚ್ಚಲಿಲ್ಲ. ಊರಿನವರು ಮೊದಲು ಆಸರೆ ಕೊಟ್ಟು, ಪ್ರಶ್ನೆಗಳನ್ನು ಆಮೇಲಕ್ಕಿಟ್ಟರು. ಎಲ್ಲಿದ್ದರೂ ಅಲ್ಲಾಹನನ್ನು ಭಯಪಡಬೇಕೆಂಬ, ಕೆಡುಕಿನ ಬೆನ್ನಿಗೇ ಒಳಿತನ್ನು ಮಾಡಿ ಅದನ್ನು ಅಳಿಸಬೇಕೆಂಬ, ಜನರೊಂದಿಗೆ ಉತ್ತಮ ಸ್ವಭಾವದಿಂದ ವರ್ತಿಸಬೇಕೆಂಬ ಪ್ರವಾದಿ ಉಪದೇಶವನ್ನು ನಮಗೆ ತಲುಪಿಸಿದವರಲ್ಲಿ ಇದೇ ಅಬೂದರ್ರ್(ರ) ಒಬ್ಬರು. 'ಎಲ್ಲಿದ್ದರೂ' ಎಂಬ ಆ ಮಾತಿನ ತೂಕ ಗುರುತಿಲ್ಲದ ಊರಿನಲ್ಲಿ ಇಳಿದಾಗ ತಿಳಿಯುತ್ತದೆ.

ತ್ಯೂನಿಸ್ ನಗರದ ಹೊರಗೆ

ಮೂರನೆಯದು ಇತಿಹಾಸದ ಘಟನೆ. 1325ರ ಜೂನ್ ತಿಂಗಳಲ್ಲಿ, ಮೊರಾಕೊದ ಟ್ಯಾಂಜಿಯರ್ ಎಂಬ ಊರಿನಿಂದ 21ರ ಹರೆಯದ ಒಬ್ಬ ತರುಣ ಹಜ್ಜ್‌ಗೆಂದು ಏಕಾಂಗಿಯಾಗಿ ಹೊರಟ. ಅವನೇ ಮುಂದೆ ಜಗತ್ಪ್ರಸಿದ್ಧನಾದ ಇಬ್ನು ಬತೂತ. ದಾರಿಯಲ್ಲಿ ಅವನಿಗೆ ಜ್ವರ ಬಂತು. ನಿಶ್ಶಕ್ತಿಯಿಂದ ಬೀಳದಂತೆ ಮುಂಡಾಸಿನ ಬಟ್ಟೆಯಿಂದ ತನ್ನನ್ನು ತಡಿಗೆ ಕಟ್ಟಿಕೊಂಡು ಸವಾರಿ ಮಾಡಿದ. ಅವನೊಂದಿಗೆ ದಾರಿಯಲ್ಲಿ ಕೂಡಿಕೊಂಡಿದ್ದ ತಂಡ ತ್ಯೂನಿಸ್ ತಲುಪಿದಾಗ ಊರಿನವರು ತಮ್ಮವರನ್ನು ಎದುರುಗೊಳ್ಳಲು ಹೊರಗೆ ಬಂದರು. ಎಲ್ಲರೂ ಎಲ್ಲರಿಗೆ ಸಲಾಮ್ ಹೇಳುತ್ತಿದ್ದರು. ಇವನಿಗೆ ಮಾತ್ರ ಯಾರೂ ಸಲಾಮ್ ಹೇಳಲಿಲ್ಲ, ಯಾಕೆಂದರೆ ಇವನ ಪರಿಚಯ ಯಾರಿಗೂ ಇರಲಿಲ್ಲ. ದುಃಖ ತಡೆಯಲಾರದೆ ಅತ್ತುಬಿಟ್ಟೆನೆಂದು ಅವನೇ ತನ್ನ ವೃತ್ತಾಂತದಲ್ಲಿ ಹೇಳಿಕೊಂಡಿದ್ದಾನೆ. ಆಗ ಯಾತ್ರಿಕನೊಬ್ಬ ಅದನ್ನು ಗಮನಿಸಿ ಹತ್ತಿರ ಬಂದು ಸಲಾಮ್ ಹೇಳಿದ, ನಗರದೊಳಗೆ ಹೋಗುವ ವರೆಗೂ ಮಾತನಾಡಿಸುತ್ತಾ ಜೊತೆಗಿದ್ದ. ಇಬ್ನು ಬತೂತನಿಗೆ ಆ ರಾತ್ರಿ ಒಂದು ಮದ್ರಸದಲ್ಲಿ ವಸತಿ ಸಿಕ್ಕಿತು. ತ್ಯೂನಿಸ್‌ನಿಂದ ಹಜ್ಜ್ ಯಾತ್ರಿಕರ ತಂಡ ಹೊರಟಾಗ ಅದೇ ತರುಣ ಆ ತಂಡದ ಕಾಝಿಯಾಗಿ ನೇಮಕಗೊಂಡ!

ಓದುಗರು ಇದನ್ನು ಆಲೋಚಿಸಬೇಕು. ಸುಮಾರು 30 ವರ್ಷ ಸಂಚರಿಸಿ, ಆಫ್ರಿಕಾ, ಅರೇಬಿಯಾ, ಭಾರತ, ಚೀನಾಗಳ ಕುರಿತು ಬರೆಯಿಸಿದ ಆ ಮಹಾ ಪ್ರವಾಸಿಯ ಮೊದಲ ಹೆಜ್ಜೆಗಳಲ್ಲಿ ಒಂದು ಸಲಾಮ್‌ನ ಕೊರತೆ ಅವನನ್ನು ಅಳಿಸಿತು, ಒಂದು ಸಲಾಮ್ ಅವನ ಕಣ್ಣೀರು ಒರೆಸಿತು. ಇಸ್ಲಾಮಿನಲ್ಲಿ ಯಾವ ಕೆಲಸ ಉತ್ತಮವೆಂದು ಕೇಳಿದಾಗ ಪ್ರವಾದಿಯವರು(ಸ) ಅನ್ನ ಉಣಿಸುವುದನ್ನೂ, ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದನ್ನೂ ಹೆಸರಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅಪರಿಚಿತನಿಗೆ ಹೇಳುವ ಸಲಾಮ್ ಎಂಥ ದೊಡ್ಡ ದಾನವೆಂಬುದು ತ್ಯೂನಿಸ್‌ನ ಆ ಘಟನೆಯಿಂದ ಅರ್ಥವಾಗುತ್ತದೆ.

ಈ ಇಬ್ನು ಬತೂತ 1342ರ ಆಸುಪಾಸಿನಲ್ಲಿ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಹೊರಟು ನಮ್ಮ ಕರಾವಳಿಗೂ ಬಂದ. ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡ. ಹೊನ್ನಾವರದ ಸ್ತ್ರೀಯರು ಕುರ್‌ಆನನ್ನು ಕಂಠಪಾಠ ಮಾಡಿರುವುದನ್ನೂ, ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಪಾಠಶಾಲೆಗಳಿರುವುದನ್ನೂ ಬೆರಗಿನಿಂದ ದಾಖಲಿಸಿದ. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ ಅಲ್ಲಿನ ಕಾಝಿ ವಿದ್ವಾಂಸರೆಂದೂ ತಿಳಿಸಿದ. ಗೋವಾದಿಂದ ಕೊಲ್ಲಂ ವರೆಗಿನ ಕರಾವಳಿ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೆ ಎಲ್ಲ ಪ್ರಯಾಣಿಕರಿಗೂ ಕುಳಿತುಕೊಳ್ಳಲು ಮರದ ಕಟ್ಟೆಗಳಿದ್ದ ಒಂದೊಂದು ತಂಗುಮನೆ ಇತ್ತು. ಬಾವಿಯಿಂದ ನೀರು ಕೊಡಲು ಅಲ್ಲೊಬ್ಬ ಹಿಂದೂ ಸಹೋದರ ಇರುತ್ತಿದ್ದ. ನಾವು ಇಂದಿಗೂ ಅರವಟ್ಟಿಗೆ ಎನ್ನುವುದು ಇಂಥದ್ದನ್ನೇ. ಅಂದಿನ ಮಡಿಮೈಲಿಗೆಯ ಪದ್ಧತಿಯಂತೆ ಮುಸ್ಲಿಮರಿಗೆ ಪಾತ್ರೆ ಕೊಡದೆ ಬೊಗಸೆಗೆ ನೀರು ಹುಯ್ಯುತ್ತಿದ್ದರು ಎಂಬುದನ್ನೂ ಅವನು ಮುಚ್ಚಿಡಲಿಲ್ಲ. ಆದರೆ ಅಷ್ಟು ಸುರಕ್ಷಿತವಾದ ದಾರಿಯನ್ನು ತಾನು ಕಂಡಿಲ್ಲವೆಂಬುದನ್ನೂ ಮನಸಾರೆ ಒಪ್ಪಿದ. ಬಾಯಾರಿದವನಿಗೆ ನೀರು ಕೊಡುವುದರಲ್ಲಿ ನಮ್ಮ ನೆಲದ ಈ ಹಳೆಯ ಸಂಪ್ರದಾಯದಿಂದ ನಾವೆಲ್ಲರೂ ಕಲಿಯುವುದಿದೆ.

ಒಂಟಿಯಾಗಿ ಹೋಗಬಹುದೇ?

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಒಂಟಿತನದಲ್ಲಿರುವ ಅಪಾಯ ಜನರಿಗೆ ಗೊತ್ತಿದ್ದರೆ ಯಾರೂ ರಾತ್ರಿ ಒಬ್ಬನೇ ಸವಾರಿ ಹೋಗಲಾರರೆಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಮೂವರಾದರೆ ಅದೊಂದು ತಂಡವೆನಿಸುತ್ತದೆ ಎಂಬ ಇನ್ನೊಂದು ಹದೀಸೂ ಇದೆ. ಆದ್ದರಿಂದ ಜೊತೆ ಸಿಗುವಾಗ ಜೊತೆಯೇ ಉತ್ತಮ. ಆದರೆ ಅಗತ್ಯ ಬಿದ್ದಾಗ ಪ್ರವಾದಿಯವರೇ(ಸ) ಕೆಲವು ಸಹಾಬಿಗಳನ್ನು ಒಬ್ಬೊಬ್ಬರನ್ನಾಗಿ ಕಳುಹಿಸಿದ್ದುಂಟು. ಹಾಗಾಗಿ ಅನೇಕ ವಿದ್ವಾಂಸರು ಆ ಎಚ್ಚರಿಕೆಯು ನಿರ್ಜನ ದಾರಿ, ಕತ್ತಲೆ ಮತ್ತು ಅಪಾಯಗಳಿಗೆ ಸಂಬಂಧಿಸಿದ್ದೆಂದು ವಿವರಿಸಿದ್ದಾರೆ. ಇಬ್ನು ಬತೂತನೂ ಇಂದಿನ ಅಲಿಗಢದ ಸಮೀಪ ತನ್ನವರಿಂದ ಬೇರ್ಪಟ್ಟು ಒಂಟಿಯಾದಾಗ ದರೋಡೆಗೊಳಗಾಗಿ ಎಲ್ಲವನ್ನೂ ಕಳಕೊಂಡ. ದಿನಗಟ್ಟಲೆ ಅಡಗಿ ಅಲೆದು ಸಾಯುವ ಸ್ಥಿತಿಯಲ್ಲಿದ್ದಾಗ ಒಬ್ಬ ಅಪರಿಚಿತ ಸಲಾಮ್ ಹೇಳಿ, ನೀರು ಕೊಟ್ಟು, ಹೆಗಲ ಮೇಲೆ ಹೊತ್ತು ಅವನನ್ನು ಊರಿಗೆ ತಲುಪಿಸಿದ.

ಸ್ತ್ರೀಯರ ಪ್ರಯಾಣದ ವಿಷಯದಲ್ಲಿ ಮಹ್ರಮ್ ಜೊತೆಗಿರಬೇಕೆಂಬ ಹದೀಸ್‌ಗಳು ಸುಪ್ರಸಿದ್ಧ. ಹೆಚ್ಚಿನ ವಿದ್ವಾಂಸರ ನಿಲುವು ಅವುಗಳ ಮೇಲೆಯೇ ನಿಂತಿದೆ. ದಾರಿ ಸಂಪೂರ್ಣ ಸುರಕ್ಷಿತವಾಗಿರುವಾಗ ರಿಯಾಯಿತಿ ಇದೆಯೆಂದು ಹೇಳಿದವರೂ ಇದ್ದಾರೆ. ಒಂಟಿ ಸ್ತ್ರೀಯೊಬ್ಬಳು ಹೀರಾದಿಂದ ಹೊರಟು ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಕಅ್‌ಬಾ ತಲುಪುವ ಕಾಲ ಬರಲಿದೆಯೆಂದು ಪ್ರವಾದಿಯವರು(ಸ) ಅದಿಯ್ಯ್ ಬಿನ್ ಹಾತಿಮ್‌ರಿಗೆ(ರ) ತಿಳಿಸಿದ್ದನ್ನು ಅವರು ಆಧಾರವಾಗಿ ತೋರಿಸುತ್ತಾರೆ. ಪ್ರತಿಯೊಂದು ಕುಟುಂಬವೂ ತಾನು ನಂಬುವ ವಿದ್ವಾಂಸರಲ್ಲಿ ಕೇಳಿ ತಿಳಿಯಲಿ. ಆದರೆ ಮಗಳು ಪರೀಕ್ಷೆಗೋ ಕಾಲೇಜಿಗೋ ಪರವೂರಿಗೆ ಹೋಗಲೇಬೇಕಾದಾಗ ತಂದೆಯೋ ಸಹೋದರನೋ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಹೋಗುವುದು ಅವಳ ಮೇಲಿನ ಉಪಕಾರವಲ್ಲ, ಅದು ಅವಳ ಹಕ್ಕು. ಈ ಹದೀಸ್‌ಗಳಲ್ಲಿರುವ ಹೊಣೆ ಗಂಡಸರ ಹೆಗಲಿನ ಮೇಲೂ ಇದೆಯೆಂಬುದನ್ನು ನಾವು ಮರೆಯಬಾರದು.

ಮೊದಲ ದಿನ

ಹೊಸ ನಗರಕ್ಕೆ ಒಬ್ಬರೇ ಹೋಗುವವರು ಕೆಲವು ವಿಷಯಗಳನ್ನು ಮನಸ್ಸಿನಲ್ಲಿಡಬೇಕು.

ಹೊರಡುವ ಮೊದಲು ಸಾಲಗಳನ್ನು ತೀರಿಸಿ ಅಥವಾ ಮನೆಯವರಿಗೆ ತಿಳಿಸಿ. ನಿಮ್ಮಲ್ಲಿರುವ ಅಮಾನತ್ತುಗಳನ್ನು ಒಪ್ಪಿಸಿ. ಎಲ್ಲಿಗೆ, ಯಾವ ಗಾಡಿಯಲ್ಲಿ, ಎಂದು ಮರಳುವಿರಿ ಎಂಬುದನ್ನು ಬರೆದಿಡಿ. ಮೊದಲ ರಾತ್ರಿಯ ವಸತಿಯನ್ನು ಹೊರಡುವ ಮೊದಲೇ ಗೊತ್ತುಮಾಡಿ, ಸಾಧ್ಯವಾದರೆ ಹಗಲಿನಲ್ಲೇ ತಲುಪಿ. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಲಾಡ್ಜ್ ಹುಡುಕುವವನಿಗೆ ವಂಚಕರು ಸುಲಭವಾಗಿ ಸಿಗುತ್ತಾರೆ. ಹಣವನ್ನು ಒಂದೇ ಕಡೆ ಇಡಬೇಡಿ. ಫೋನಿನಲ್ಲಿ ನಕ್ಷೆ ಇದೆ, ಹಣವೂ ಇದೆ. ಆದರೆ ಬ್ಯಾಟರಿ ಮುಗಿದರೆ ಎರಡೂ ಇಲ್ಲ. ಆದ್ದರಿಂದ ಸ್ವಲ್ಪ ನಗದು, ಗುರುತಿನ ಚೀಟಿಯ ನಕಲು, ಮನೆಯ ಮತ್ತು ವಸತಿಯ ನಂಬರುಗಳನ್ನು ಬರೆದ ಒಂದು ಕಾಗದ ಕಿಸೆಯಲ್ಲಿರಲಿ. ರೈಲಿನಲ್ಲಿ ಅಪರಿಚಿತರು ಕೊಡುವ ತಿಂಡಿ-ಪಾನೀಯವನ್ನು ನಯವಾಗಿ ನಿರಾಕರಿಸಿ. ಮತ್ತು ಬರಿಸಿ ದೋಚುವ ಪ್ರಕರಣಗಳು ಇಂದಿಗೂ ನಡೆಯುತ್ತವೆ. ತುರ್ತು ಸಹಾಯಕ್ಕೆ ದೇಶದಾದ್ಯಂತ 112, ರೈಲಿನಲ್ಲಿ 139 ಎಂಬ ನಂಬರುಗಳಿವೆ. ಒಂಟೆಯನ್ನು ಕಟ್ಟಿದ ಬಳಿಕ ಭರವಸೆ ಅಲ್ಲಾಹನ ಮೇಲಿರಬೇಕೆಂಬ ಪ್ರವಾದಿ ಶಿಕ್ಷಣದ ಇಂದಿನ ರೂಪವೇ ಇದು.

ಊರು ತಲುಪಿದ ಮೇಲೆ ವಸತಿಗೆ ಹತ್ತಿರದ ಮಸೀದಿಯನ್ನು ಮೊದಲು ಹುಡುಕಿ. ಇದರಲ್ಲಿ ಪುಣ್ಯವಿದೆ, ಜೊತೆಗೆ ದೊಡ್ಡ ಅನುಕೂಲವೂ ಇದೆ. ಒಬ್ಬಂಟಿಗನ ದಿನಕ್ಕೆ ಆದಿ-ಅಂತ್ಯವಿರುವುದಿಲ್ಲ. ಏಳುವುದು, ತಿನ್ನುವುದು, ಅಲೆಯುವುದು ಎಲ್ಲವೂ ಮನಬಂದಂತೆ ಆಗುತ್ತದೆ. ಐದು ಹೊತ್ತಿನ ನಮಾಝ್ ಆ ದಿನಕ್ಕೆ ಐದು ಗೂಟಗಳನ್ನು ನೆಡುತ್ತದೆ. ಅಸ್ರ್‌ನ ಹೊತ್ತಿಗೆ ಎಲ್ಲಿರಬೇಕು, ಮಗ್ರಿಬ್ ಬಳಿಕ ಎಷ್ಟು ಹೊತ್ತಿಗೆ ಕೋಣೆ ಸೇರಬೇಕು ಎಂಬ ಲೆಕ್ಕ ತಾನಾಗಿ ಬರುತ್ತದೆ. ನಾಲ್ಕು ಹೊತ್ತು ಒಂದೇ ಸಫ್ಫ್‌ನಲ್ಲಿ ನಿಂತರೆ ನಿಮ್ಮ ಮುಖವನ್ನು ಗುರುತಿಸುವವರು ಇಬ್ಬರಾದರೂ ಆಗುತ್ತಾರೆ. ಕಾಯಿಲೆ ಬಿದ್ದರೆ, ಪರ್ಸ್ ಕಳೆದರೆ ಹೋಗಿ ನಿಲ್ಲಲು ಒಂದು ಬಾಗಿಲಿರುತ್ತದೆ.

ಅಲ್ಲಾಹನು ಪ್ರಯಾಣಿಕನಿಗೆ ರಿಯಾಯಿತಿಗಳನ್ನೂ ಕೊಟ್ಟಿದ್ದಾನೆ. ಸುಮಾರು 80 ಕಿ.ಮೀ. ಅಥವಾ ಅದಕ್ಕಿಂತ ದೂರದ ಪ್ರಯಾಣದಲ್ಲಿ ನಾಲ್ಕು ರಕ್‌ಅತ್‌ನ ನಮಾಝ್‌ಗಳನ್ನು ಎರಡಕ್ಕೆ ಇಳಿಸಿ ಕಸ್ರ್ ಮಾಡಲಾಗುತ್ತದೆ. ಫಜ್ರ್ ಮತ್ತು ಮಗ್ರಿಬ್‌ಗೆ ಕಸ್ರ್ ಇಲ್ಲ. ಹೋದ ಊರಿನಲ್ಲಿ 15 ದಿನ ಅಥವಾ ಹೆಚ್ಚು ತಂಗುವ ಸಂಕಲ್ಪವಿದ್ದರೆ ಹನಫಿ ಮದ್‌ಹಬ್‌ನಂತೆ ಪೂರ್ತಿ ನಿರ್ವಹಿಸಬೇಕು. ಶಾಫಿಈ ಮದ್‌ಹಬ್‌ನಲ್ಲಿ ತಲುಪಿದ ಮತ್ತು ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ದಿನ ತಂಗುವ ಸಂಕಲ್ಪವಿದ್ದರೆ ಪೂರ್ತಿ ನಿರ್ವಹಿಸಬೇಕು. ಝುಹರ್-ಅಸ್ರ್ ಮತ್ತು ಮಗ್ರಿಬ್-ಇಶಾಗಳನ್ನು ಜೊತೆಗೂಡಿಸುವ ಜಮ್‌ಅ್ ಶಾಫಿಈಗಳಲ್ಲಿ ಪ್ರಯಾಣಿಕನಿಗೆ ಅನುಮತಿಸಲ್ಪಟ್ಟಿದೆ. ಸ್ಥಳೀಯ ಇಮಾಮರ ಹಿಂದೆ ನಿಂತಾಗ ಮಾತ್ರ ಅವರಂತೆಯೇ ಪೂರ್ತಿ ನಿರ್ವಹಿಸಬೇಕು. ಊರಿನಲ್ಲಿದ್ದಾಗ ರೂಢಿಯಾಗಿ ಮಾಡುತ್ತಿದ್ದ ಸತ್ಕರ್ಮಗಳ ಪುಣ್ಯವು ಪ್ರಯಾಣದಲ್ಲೂ ಬರೆಯಲ್ಪಡುತ್ತದೆಂಬ ಶುಭವಾರ್ತೆ ಹದೀಸ್‌ನಲ್ಲಿದೆ. ಇಷ್ಟು ಸುಲಭಗೊಳಿಸಿದ ಮೇಲೂ ಪ್ರಯಾಣದ ನೆಪದಲ್ಲಿ ನಮಾಝನ್ನೇ ಬಿಡುವುದು ಎಂಥ ಕೃತಘ್ನತೆ!

ನೋಡುವ ಕಣ್ಣು

ನಗರ ನೋಡುವುದೆಂದರೆ ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆದು ಮುಂದಿನದಕ್ಕೆ ಓಡುವುದಲ್ಲ. ಒಬ್ಬರೇ ಇರುವವರಿಗೆ ನಿಂತು ಯೋಚಿಸುವ ಅವಕಾಶ ಹೆಚ್ಚು. ಉದಾಹರಣೆಗೆ ಬೀದರ್‌ಗೆ ಹೋದರೆ ಮಹಮೂದ್ ಗವಾನ್‌ರ ಮದ್ರಸದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದ ಈ ಪರದೇಶಿ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯವನ್ನು ಕಟ್ಟಿಸಿದರು. ಅದರಲ್ಲಿ ಉಪನ್ಯಾಸದ ಕೋಣೆಗಳು, ಮಸೀದಿ, ಗ್ರಂಥಾಲಯ, ವಿದ್ಯಾರ್ಥಿ-ಅಧ್ಯಾಪಕರಿಗೆ ವಸತಿ ಎಲ್ಲವೂ ಇದ್ದವು. ಪರವೂರಿನಿಂದ ಬಂದವನು ಪರವೂರಿನಿಂದ ಬರುವ ವಿದ್ಯಾರ್ಥಿಗಳಿಗಾಗಿ ಕೋಣೆಗಳನ್ನು ಕಟ್ಟಿಸಿದ್ದು ಎಷ್ಟು ಅರ್ಥಪೂರ್ಣ!

ಆದರೆ ಆ ಕಾಲದ ಆಸ್ಥಾನದಲ್ಲಿ ದಖ್ಖನಿಗಳು ಮತ್ತು ಪರದೇಶಿಗಳ ನಡುವೆ ಒಡಕಿತ್ತು. ವಿರೋಧಿಗಳು ಅವರ ಮುದ್ರೆ ಒತ್ತಿದ ಖೋಟಾ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನನು ಸರಿಯಾದ ವಿಚಾರಣೆಯಿಲ್ಲದೆ 1481ರಲ್ಲಿ ಎಪ್ಪತ್ತು ದಾಟಿದ ಆ ವೃದ್ಧರನ್ನು ಕೊಲ್ಲಿಸಿದ. ಆ ಬಳಿಕ ಬಹಮನಿ ರಾಜ್ಯ ಬಿರುಕು ಬಿಟ್ಟು ಒಡೆಯಿತು. ಒಬ್ಬ ಪರದೇಶಿಯನ್ನು ನಂಬಿದ್ದರಿಂದ ಬೀದರ್‌ಗೆ ಒಂದು ವಿದ್ಯಾಲಯ ದೊರಕಿತು, ಪರದೇಶಿಯೆಂಬ ಕಾರಣಕ್ಕೆ ಬೆಳೆದ ಅಸೂಯೆಯಿಂದ ಒಂದು ರಾಜ್ಯವೇ ಸೊರಗಿತು. ಹಿಂದಿನವರ ಅಂತ್ಯವನ್ನು ನೋಡಿರೆಂಬ ಕುರ್‌ಆನಿನ ಕರೆ ಇಂತಹ ನೋಟವನ್ನೇ ಬಯಸುತ್ತದೆ.

ಕಣ್ಣಿಗೂ ಒಂದು ಶಿಸ್ತಿದೆ. ದಾರಿಯ ಹಕ್ಕುಗಳನ್ನು ವಿವರಿಸುವಾಗ ಪ್ರವಾದಿಯವರು(ಸ) ದೃಷ್ಟಿ ತಗ್ಗಿಸುವುದನ್ನೂ, ಇತರರಿಗೆ ತೊಂದರೆ ಕೊಡದಿರುವುದನ್ನೂ, ಸಲಾಮ್‌ಗೆ ಉತ್ತರಿಸುವುದನ್ನೂ ಸೇರಿಸಿದ್ದಾರೆ. ಊರಿನಲ್ಲಿ ಕಣ್ಣು ತಗ್ಗಿಸಿ ನಡೆಯುವವನು ಮಹಾನಗರದ ಬೀದಿಯಲ್ಲಿ ಹೇಗೆ ನಡೆಯುತ್ತಾನೆ? ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅವನ ಫೋನಿನಲ್ಲಿ ಏನು ತೆರೆಯುತ್ತದೆ? ಅವನಿಗೆ ಊರಿನ ಭಯವಿತ್ತೋ ಅಲ್ಲಾಹನ ಭಯವಿತ್ತೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಊರಿನ ಭಯ ಬಸ್‌ಸ್ಟ್ಯಾಂಡಿನ ವರೆಗೆ ಮಾತ್ರ ಬರುತ್ತದೆ.

ಈಗ ಊರಿನವರ ಸರದಿ

ಇನ್ನು ಎರಡನೆಯ ಪರೀಕ್ಷೆ. ಇದು ಮನೆಯಲ್ಲೇ ಕುಳಿತು ಇದನ್ನು ಓದುತ್ತಿರುವ ನಮಗೆಲ್ಲ ಸಂಬಂಧಿಸಿದ್ದು. ನಮ್ಮ ಊರಿಗೂ ಪ್ರತಿದಿನ ಯಾರಾದರೊಬ್ಬರು ಚೀಲ ಹಿಡಿದು ಇಳಿಯುತ್ತಾರೆ. ಉತ್ತರದ ರಾಜ್ಯಗಳಿಂದ ಬಂದ ಕಟ್ಟಡ ಕೆಲಸದ ಹುಡುಗ, ಆಸ್ಪತ್ರೆಗೆಂದು ಬಂದ ರೋಗಿಯ ಕಡೆಯವರು, ಕಾಲೇಜಿಗೆ ಸೇರಿದ ವಿದ್ಯಾರ್ಥಿ. ಮಗ್ರಿಬ್ ಬಳಿಕ ಮಸೀದಿಯ ಹಿಂದಿನ ಸಾಲಿನಲ್ಲಿ ಹೊಸ ಮುಖವೊಂದು ಕಂಡಾಗ ನಾವೇನು ಮಾಡುತ್ತೇವೆ? ಚಪ್ಪಲಿ ಮೆಟ್ಟಿ ಮನೆಯ ದಾರಿ ಹಿಡಿಯುತ್ತೇವೆಯೇ, ಅಥವಾ ಒಂದು ಸಲಾಮ್ ಹೇಳಿ, ಊಟವಾಯಿತೇ, ಎಲ್ಲಿ ತಂಗಿದ್ದೀರಿ ಎಂದು ವಿಚಾರಿಸುತ್ತೇವೆಯೇ?

ದಾರಿಹೋಕನಿಗೆ ಕುರ್‌ಆನ್ ಕೊಟ್ಟಿರುವ ಸ್ಥಾನ ಸಣ್ಣದಲ್ಲ. ಝಕಾತ್‌ಗೆ ಅರ್ಹರಾದ ಎಂಟು ವಿಭಾಗಗಳಲ್ಲಿ 'ಇಬ್ನುಸ್ಸಬೀಲ್' ಒಂದು. ಊರಿನಲ್ಲಿ ಅನುಕೂಲಸ್ಥನಾಗಿದ್ದರೂ ದಾರಿಯಲ್ಲಿ ಕೈ ಬರಿದಾದವನಿಗೆ ಅದರಲ್ಲಿ ಪಾಲಿದೆ. ಅತಿಥಿ ಸತ್ಕಾರ ಮೂರು ದಿನವೆಂದು ಪ್ರವಾದಿಯವರು(ಸ) ಕಲಿಸಿದರು. ಅದೇ ಹದೀಸ್‌ನಲ್ಲಿ, ಆತಿಥೇಯನಿಗೆ ಹೊರೆಯಾಗುವಷ್ಟು ದಿನ ಅತಿಥಿ ತಂಗಬಾರದೆಂದೂ ಎಚ್ಚರಿಸಿದರು. ಹೀಗೆ ಎರಡೂ ಕಡೆಯವರ ಗೌರವ ಉಳಿಯಿತು. ಆಸರೆ ಬೇಡಿ ಬಂದವನು ಯಾವ ಧರ್ಮದವನಾದರೂ ಸರಿ, ದಾರಿ ಹೇಳಿಕೊಡಲು, ನೀರು ಕೊಡಲು, ಮೋಸದ ಆಟೋ ದರದಿಂದ ಉಳಿಸಲು ಧರ್ಮ ಕೇಳಬೇಕಾಗಿಲ್ಲ.

ಜಮಾಅತ್ ಕಮಿಟಿಗಳ ಹಿರಿಯರ ಗಮನಕ್ಕೆ ಒಂದು ಮಾತು. ಪೇಟೆಯ ನಮ್ಮ ಅನೇಕ ಮಸೀದಿಗಳಲ್ಲಿ ಪ್ರಯಾಣದಲ್ಲಿರುವ ಸ್ತ್ರೀಗೆ ವುಝೂ ಮಾಡಿ ನಮಾಝ್ ನಿರ್ವಹಿಸಲು ಸ್ಥಳವಿಲ್ಲ. ಗಂಡ ಒಳಗೆ ನಮಾಝ್ ಮುಗಿಸಿ ಬರುವ ವರೆಗೆ ಅವಳು ಮಗುವನ್ನೆತ್ತಿಕೊಂಡು ರಸ್ತೆಯಲ್ಲಿ ನಿಂತಿರುತ್ತಾಳೆ. ಅವಳ ನಮಾಝ್ ಕಳೆದುಹೋಗುತ್ತದೆ. ಪ್ರತ್ಯೇಕ ಪ್ರವೇಶ, ಒಂದು ನಲ್ಲಿ, ನಾಲ್ಕು ಮಂದಿ ನಿಲ್ಲುವಷ್ಟು ಮರೆಯ ಜಾಗ ಇದ್ದರೆ ಸಾಕು. ಅಮೃತಶಿಲೆಗೆ ಹಣ ಕೂಡಿಸುವಾಗ ಇದಕ್ಕೂ ಒಂದು ಪಾಲು ತೆಗೆದಿಡಲಾಗದೇ? ಬಸ್‌ಸ್ಟ್ಯಾಂಡಿಗೆ ಹತ್ತಿರದ ಮಸೀದಿಗಳಲ್ಲಾದರೂ ಇದು ತುರ್ತಾಗಿ ಆಗಬೇಕು.

ಮರಳುವ ದಾರಿ

ಕೊನೆಯದಾಗಿ, ಪ್ರಯಾಣಕ್ಕೆ ಒಂದು ಮುಗಿತಾಯವಿರಬೇಕು. ಪ್ರಯಾಣವು ಯಾತನೆಯ ಒಂದು ತುಣುಕು, ಅದು ಮನುಷ್ಯನ ಅನ್ನ-ನೀರು-ನಿದ್ರೆಗಳನ್ನು ಕೆಡಿಸುತ್ತದೆ, ಆದ್ದರಿಂದ ಕೆಲಸ ಮುಗಿದೊಡನೆ ಮನೆಯವರ ಬಳಿಗೆ ಬೇಗ ಮರಳಬೇಕು ಎಂಬ ಸಾರಾಂಶದ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇಬ್ನು ಬತೂತನ ಜೀವನ ಇದಕ್ಕೊಂದು ನೋವಿನ ವ್ಯಾಖ್ಯಾನ. ಹೊರಡುವಾಗ ಅವನ ತಂದೆ-ತಾಯಿ ಇಬ್ಬರೂ ಜೀವಂತವಾಗಿದ್ದರು. 1348ರಲ್ಲಿ ದಮಸ್ಕಸ್‌ಗೆ ಬಂದಾಗ, ತಂದೆ ತೀರಿಕೊಂಡು 15 ವರ್ಷವಾಯಿತೆಂಬ ಸುದ್ದಿ ಅವನಿಗೆ ತಿಳಿಯಿತು. ಮರುವರ್ಷ ತಾಯ್ನಾಡನ್ನು ಸಮೀಪಿಸುವಾಗ, ತಾಯಿಯೂ ಮಹಾಮಾರಿ ಪ್ಲೇಗಿಗೆ ಬಲಿಯಾದರೆಂದು ಕೇಳಿದ. ಅಷ್ಟು ದೇಶಗಳನ್ನು ಕಂಡ ಕಣ್ಣುಗಳಿಗೆ ಆ ಎರಡು ಮುಖಗಳನ್ನು ಮತ್ತೆ ಕಾಣಲಾಗಲಿಲ್ಲ.

ಅಂದು ಸುದ್ದಿ ಮುಟ್ಟಲು ವರ್ಷಗಳು ಬೇಕಾಗಿದ್ದವು. ಇಂದು ಒಂದು ನಿಮಿಷ ಸಾಕು. ಆದರೂ ಮಗನ ಫೋನಿಗಾಗಿ ಇಶಾ ಬಳಿಕ ಕಾದು ಕುಳಿತು ನಿದ್ದೆ ಹೋಗುವ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ? ಹೊಸ ನಗರದಲ್ಲಿರುವ ಯುವಕರೇ, ಇವತ್ತು ಏನೇನು ನೋಡಿದೆನೆಂದು ಅವರಿಗೆ ಎರಡು ಮಾತು ಹೇಳಿರಿ. ಪ್ರಯಾಣಿಕನ ಪ್ರಾರ್ಥನೆಯೂ, ಮಕ್ಕಳಿಗಾಗಿ ಹೆತ್ತವರು ಮಾಡುವ ಪ್ರಾರ್ಥನೆಯೂ ಸ್ವೀಕೃತವಾಗುವ ಪ್ರಾರ್ಥನೆಗಳೆಂದು ಪ್ರವಾದಿಯವರು(ಸ) ತಿಳಿಸಿದ್ದಾರೆ. ಒಂದು ನಗರದ ಪುಟ್ಟ ಕೋಣೆಯಿಂದಲೂ ಒಂದು ಹಳ್ಳಿಯ ಮನೆಯಿಂದಲೂ ಒಂದೇ ರಾತ್ರಿ ಈ ಎರಡು ಪ್ರಾರ್ಥನೆಗಳು ಏರುವುದಾದರೆ ಅದಕ್ಕಿಂತ ದೊಡ್ಡ ರಕ್ಷಣೆ ಯಾವುದಿದೆ?

ಇಹಲೋಕದಲ್ಲಿ ಪರವೂರಿನವನಂತೆ ಅಥವಾ ದಾರಿಹೋಕನಂತೆ ಇರಬೇಕೆಂದು ಪ್ರವಾದಿಯವರು(ಸ) ಇಬ್ನು ಉಮರ್‌ರ(ರ) ಹೆಗಲು ಹಿಡಿದು ಉಪದೇಶಿಸಿದ್ದರು. ಈ ಲೆಕ್ಕದಲ್ಲಿ ನಾವೆಲ್ಲರೂ ಗುರುತಿಲ್ಲದ ಊರಿನಲ್ಲಿ ಇಳಿದವರೇ. ನಮ್ಮನ್ನು ಅರಿಯದವರ ನಡುವೆಯೂ ನಮ್ಮನ್ನು ಅರಿತವನೊಬ್ಬನಿದ್ದಾನೆಂಬ ಪ್ರಜ್ಞೆಯನ್ನು ಅಲ್ಲಾಹನು ನಮ್ಮ ಹೃದಯಗಳಲ್ಲಿ ಉಳಿಸಲಿ. ಬಾಗಿಲಿಗೆ ಬಂದ ಅಪರಿಚಿತನಿಗೆ ಮೊದಲ ಸಲಾಮ್ ಹೇಳುವವರಲ್ಲಿ ನಮ್ಮನ್ನು ಸೇರಿಸಲಿ. ಆಮೀನ್.